ನಮ್ಮೂರ ಚಾವಡಿ

(ಸಂಘದ ರಜತ ಮಹೋತ್ಸವದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಆಹ್ವಾನ ಪತ್ರಿಕೆಯಲ್ಲಿ ನಮ್ಮ ಹೆಸರಿನ ಮುಂದೆ ‘ಸಂಘ ನಡೆದು ಬಂದ ದಾರಿ’ ಎಂದು ಹಾಕಿದ್ದಾರೆ. ಆ ದಾರಿಯನ್ನೆಲ್ಲ ನಮ್ಮ ಕಾರ್ಯದರ್ಶಿಗಳು ಈಗ ತಾನೆ ವರದಿ ಓದುವಾಗ ಅಂಕಿ ಅಂಶ ಸಮೇತ ನಡೆದು ಮುಗಿಸಿಬಿಟ್ಟರು. ಷೇರು ಬಂಡವಾಳ ಎಷ್ಟು, ಆಪದ್ಧನ ನಿಧಿ ಎಷ್ಟು, ಬೋನಸ್ ಎಷ್ಟು ಎಂಬುದು ತಮಗೆಲ್ಲ ಗೊತ್ತಾಯಿತು. ಅದನ್ನೇ ನಾವು ಇನ್ನೊಂದು ಸಲ ಹೇಳಿದರೆ ಊಟದ ಪಂಕ್ತಿಗೆ ಹೊತ್ತಾಗುತ್ತದೆ. ಆದ್ದರಿಂದ ಸಂಘ ಹೊರಟ ಜಾಗದ ಬಗ್ಗೆ, ಅಂದರೆ ನಮ್ಮೂರ ಚಾವಡಿಯ ಬಗ್ಗೆ ನಾಲ್ಕು ಮಾತು ಆಡಲು ಅಪ್ಪಣೆ ಬೇಡುತ್ತೇವೆ. ಮುಂದಿನ ತಿಂಗಳ ಸರ್ವ ಸದಸ್ಯರ ಸಭೆಯಲ್ಲಿ ಆ ವಿಷಯ ಬರಲಿಕ್ಕಿದೆ. ಬರುವ ಮೊದಲೇ ಒಂದಿಷ್ಟು ಮನಸ್ಸು ಬಿಚ್ಚಿ ಹೇಳಿಕೊಳ್ಳುವುದು ಒಳ್ಳೆಯದು.

ಇಲ್ಲಿ ಕುಳಿತಿರುವ ಹುಡುಗರಲ್ಲಿ ಅರ್ಧ ಜನ ಚಾವಡಿ ಎಂದರೆ ಬೀಗ ಹಾಕಿದ ಹಳೇ ಗೋಡೌನು ಅಂದುಕೊಂಡಿದ್ದಾರೆ. ತಪ್ಪು ಅವರದಲ್ಲ. ಅವರಿಗೆ ಬುದ್ಧಿ ಬಂದಾಗಿನಿಂದ ಅದು ಹಾಗೇ ಇದೆ. ಅರಳಿಕಟ್ಟೆಯ ಪಕ್ಕ, ಮುಂದೆ ನಾಲ್ಕು ಕಲ್ಲಿನ ಕಂಬ. ಮಂಡಿಯುದ್ದ ಸೈಜುಗಲ್ಲಿನ ತಳಪಾಯ, ಅದರ ಮೇಲೆ ಒಂದೂವರೆ ಮೊಳ ದಪ್ಪದ ಮಣ್ಣಿನ ಗೋಡೆ, ಗೋಡೆಗೆ ಗಾರೆ. ಒಳಮನೆಗೆ ಮದ್ರಾಸ್ ತಾರಸಿ, ಮುಂದಿನ ಜಗಲಿಗೆ ಮಂಗಳೂರು ಹೆಂಚು. ಬಾಗಿಲು ಹಲಸಿನದು. ಬಾಗಿಲವಾಡದ ಎರಡು ಕಡೆಯೂ ದೀಪದ ಗೂಡು.

ಆ ಹೆಂಚಿನ ಬಗ್ಗೆ ಒಂದು ತಮಾಷೆ ಹೇಳಬೇಕು. ಒಂದು ಸಲ ಗಾಳಿ ಮಳೆಗೆ ಕೆಲವು ಹೆಂಚು ಕೆಳಗೆ ಬಿದ್ದಾಗ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಷನ್ ಎಂದೂ 1865 ಎಂದೂ ಅಚ್ಚೊತ್ತಿದ್ದು ಕಂಡಿತು. ತಕ್ಷಣ ಊರೆಲ್ಲ ಸುದ್ದಿ, ಚಾವಡಿ 1865ರಲ್ಲಿ ಕಟ್ಟಿದ್ದು ಅಂತ. ನಾವೂ ನಾಲ್ಕಾರು ಜನರ ಮುಂದೆ ಜಂಭ ಕೊಚ್ಚಿಕೊಂಡೆವು. ಆಮೇಲೆ ತಿಳಿದವರೊಬ್ಬರು ನಕ್ಕು, ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಕಣ್ರಪ್ಪ, ಆಮೇಲೆ ಬಹಳ ಕಾಲ ಮಾಡಿದ ಹೆಂಚಿಗೂ ಅದನ್ನೇ ಒತ್ತುತ್ತಿದ್ದರು ಎಂದು ಬಿಡಿಸಿ ಹೇಳಿದರು. ಬೆಂಗಳೂರು ಮೈಸೂರು ರೈಲು ಬಂದದ್ದೇ 1882ರಲ್ಲಿ. ಹೆಂಚು ಕೆಂಗೇರಿ ಸ್ಟೇಷನ್ನಿಗೆ ಬಂದು ಅಲ್ಲಿಂದ ಎತ್ತಿನ ಗಾಡಿಯಲ್ಲಿ ಊರಿಗೆ ಬಂತು ಎಂದು ನಮ್ಮ ತಾತ ಹೇಳುತ್ತಿದ್ದರು. ಹಾಗಾದರೆ ಚಾವಡಿ ರೈಲಿಗಿಂತ ಈಚಿನದೇ ಆಗಬೇಕು. ವಯಸ್ಸು ಸ್ವಲ್ಪ ಕಡಿಮೆಯಾಯಿತು ಅಂತ ನಮಗೆ ಬೇಜಾರಾದದ್ದೂ ನಿಜ.

ಈ ಚಾವಡಿಯಲ್ಲಿ ಪಟೇಲರು ಕೂರುತ್ತಿದ್ದರು, ಶಾನುಭೋಗರು ಕಡತ ಬಿಚ್ಚುತ್ತಿದ್ದರು. ಕಂದಾಯ ಕಟ್ಟುವುದು, ಜಮಾಬಂದಿ, ಬದುವಿನ ಜಗಳ, ತಪ್ಪಿಸಿಕೊಂಡ ದನದ ಪಂಚಾಯಿತಿ ಎಲ್ಲವೂ ಇಲ್ಲೇ. ಸುತ್ತಣ ಊರುಗಳಿಂದ ನಡೆದು ಬಂದವರು ರಾತ್ರಿ ಇದರ ಜಗಲಿ ಮೇಲೆಯೇ ಮಲಗಿ ಬೆಳಗಿನ ಜಾವ ಬೆಂಗಳೂರು ಪೇಟೆಗೆ ಹೊರಡುತ್ತಿದ್ದರು. ಎಲ್ಲವೂ ಸತ್ಯಯುಗ ಆಗಿತ್ತು ಅಂತ ನಾವು ಹೇಳಲು ಹೊರಟಿಲ್ಲ. ಆ ಜಗಲಿಯ ಮೇಲೆ ಹತ್ತಲು ಎಲ್ಲರಿಗೂ ಅಪ್ಪಣೆ ಇರಲಿಲ್ಲ. ಕೆಲವರು ಬಿಸಿಲಿನಲ್ಲಿ ನಿಂತೇ ತಮ್ಮ ಅಹವಾಲು ಹೇಳಿಕೊಳ್ಳಬೇಕಿತ್ತು. ಅವರ ಮಕ್ಕಳು, ಮೊಮ್ಮಕ್ಕಳು ಇಂದು ನಮ್ಮ ಜೊತೆ ಇದೇ ಸಂಘದ ನಿರ್ದೇಶಕರಾಗಿ ಕುಳಿತಿದ್ದಾರೆ. ಹಾಲಿನ ಕ್ಯೂನಲ್ಲಿ ಮೊದಲು ಬಂದವರದು ಮೊದಲು. ಆ ಕ್ಯೂ ಶುರುವಾದದ್ದು ಅದೇ ಜಗಲಿಯ ಮೇಲೆ. ಇದನ್ನು ಮಾತ್ರ ನಾವು ಹೆಮ್ಮೆಯಿಂದ ಹೇಳುತ್ತೇವೆ.

ಚಾವಡಿಗೆ ಮೊದಲ ಪೆಟ್ಟು ಬಿದ್ದದ್ದು ಮಳೆಯಿಂದಲ್ಲ, ಕಾನೂನಿನಿಂದ. 1961ರಲ್ಲಿ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಹೋಯಿತು, ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಕಾಯಿದೆ ಒಳ್ಳೆಯದೇ. ಆದರೆ ಅಲ್ಲಿಂದ ಮುಂದೆ ಚಾವಡಿ ಯಾರದು ಎಂಬುದು ಯಾರಿಗೂ ಸ್ಪಷ್ಟವಿಲ್ಲ. ವರ್ಷಕ್ಕೊಂದು ಸಲ ಹೆಂಚು ಕೈಯಾಡಿಸುವುದು, ಗೌರಿ ಹಬ್ಬಕ್ಕೆ ಮುಂಚೆ ಸುಣ್ಣ ಹೊಡೆಸುವುದು, ಇದನ್ನು ಮಾಡುವ ಹೊಣೆ ಯಾರ ತಲೆಯ ಮೇಲೂ ಉಳಿಯಲಿಲ್ಲ. ಕಟ್ಟಡ ಕೆಡುವುದು ಅಲ್ಲಿಂದ ಶುರು. ಮನುಷ್ಯರ ಓಡಾಟ ಇದ್ದರೆ ಒಂದು ಹೆಂಚು ಸರಿದದ್ದು ಮಾರನೆ ದಿನವೇ ಕಣ್ಣಿಗೆ ಬೀಳುತ್ತದೆ. ಓಡಾಟ ಇಲ್ಲದಿದ್ದರೆ ತೊಲೆ ಕೊಳೆತ ಮೇಲೆ ಗೊತ್ತಾಗುತ್ತದೆ.

ಆಮೇಲೆ ಚಾವಡಿ ಕಂಡ ವೇಷಗಳು ಒಂದೆರಡಲ್ಲ. ಶಾಲೆಯಲ್ಲಿ ಜಾಗ ಸಾಲದೆ ಒಂದನೇ ಎರಡನೇ ಕ್ಲಾಸು ಇಲ್ಲಿ ನಡೆಯುತ್ತಿತ್ತು. ನಾವು ಅ ಆ ಇ ಈ ತಿದ್ದಿದ್ದು ಇಲ್ಲೇ, ಮರಳಿನ ಮೇಲೆ. ಮಳೆಗಾಲದಲ್ಲಿ ಎಲ್ಲೆಲ್ಲಿ ಸೋರುತ್ತದೆ ಎಂಬ ನಕ್ಷೆ ನಮಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಮೇಷ್ಟ್ರು ಕೊಡೆ ಹಿಡಿದೇ ಹಾಜರಿ ಕೂಗಿದ ದಿನಗಳುಂಟು. ಆಮೇಲೆ ಸೀಮೆಎಣ್ಣೆ, ಸಕ್ಕರೆ ಕೊಡುವ ಡಿಪೋ ಆಯಿತು. ಕುರುಕ್ಷೇತ್ರ ನಾಟಕದ ಗದೆ, ಕಿರೀಟ, ಪರದೆ ಎಲ್ಲ ಒಂದು ಮೂಲೆಯಲ್ಲಿ. ದುರ್ಯೋಧನನ ಕಿರೀಟದಲ್ಲಿ ಇಲಿ ಮರಿ ಹಾಕಿದ್ದು ನೋಡಿ ನಾವು ನಕ್ಕಿದ್ದು ಇನ್ನೂ ನೆನಪಿದೆ. ಆಮೇಲೆ ಬೀಗ.

ಇಪ್ಪತ್ತೈದು ವರ್ಷದ ಹಿಂದೆ ಹಾಲಿನ ಸಂಘ ಮಾಡಬೇಕು ಎಂದು ಹೊರಟಾಗ ನಮ್ಮ ಹತ್ತಿರ ಜಾಗವಿಲ್ಲ, ದುಡ್ಡಿಲ್ಲ. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಕಥೆಯನ್ನು ವಿಸ್ತರಣಾಧಿಕಾರಿಗಳು ಹೇಳಿ, ಅವರೇನು ಬಂಗಲೆ ಕಟ್ಟಿಕೊಂಡು ಶುರು ಮಾಡಿದರೇನ್ರಿ ಎಂದು ಕೇಳಿದರು. ಹಿರಿಯರು ಆ ರಾತ್ರಿಯೇ ಚಾವಡಿಯ ಬೀಗ ತೆಗೆಸಿದರು. ಹೆಂಗಸರೇ ಗುಡಿಸಿ, ಸಗಣಿ ಸಾರಿಸಿ, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದರು. ಒಂದು ಮೇಜು, ಒಂದು ಲ್ಯಾಕ್ಟೋಮೀಟರು, ನಾಲ್ಕು ಕ್ಯಾನು. ಮೊದಲ ದಿನ ಬಂದ ಹಾಲು ಒಂದು ಕ್ಯಾನೂ ಭರ್ತಿಯಾಗಲಿಲ್ಲ. ವ್ಯಾನಿನವನು ಇದಕ್ಕಾ ನಾನು ಇಷ್ಟು ದೂರ ಬಂದದ್ದು ಎಂದು ಗೊಣಗಿದ.

ಈಗ ನಮ್ಮ ತಪ್ಪುಗಳನ್ನು ಹೇಳಬೇಕು. ಚಾವಡಿ ಹಾಳಾದದ್ದಕ್ಕೆ ಸರ್ಕಾರ, ಮಳೆ, ಕಾಲ ಎಂದು ಬೇರೆಯವರ ಮೇಲೆ ಹಾಕುವುದು ಸುಲಭ. ಆದರೆ ಅರವತ್ತು ವರ್ಷದಲ್ಲಿ ಆಗದ ಹಾನಿಯನ್ನು ನಾವು ಹತ್ತು ವರ್ಷದಲ್ಲಿ ಮಾಡಿದ್ದೇವೆ, ಅದೂ ಒಳ್ಳೆಯದು ಮಾಡುತ್ತೇವೆ ಎಂದುಕೊಂಡು.

ಮೊದಲನೆಯದು ನೀರು. ಕ್ಯಾನು ತೊಳೆದ ನೀರು ಹೊರಗೆ ಹೋಗಲು ಚರಂಡಿ ಮಾಡಲಿಲ್ಲ, ಹಿಂದಿನ ಗೋಡೆಯ ಬುಡಕ್ಕೇ ಬಿಟ್ಟೆವು. ಕಲ್ಲಿನ ತಳಪಾಯಕ್ಕೆ ಏನೂ ಆಗುವುದಿಲ್ಲ ಎಂದುಕೊಂಡೆವು. ಕಲ್ಲಿಗೆ ಆಗುವುದಿಲ್ಲ ನಿಜ, ಆದರೆ ಆ ತೇವ ಕಲ್ಲಿನ ಸಂದಿಯಲ್ಲಿ ಏರಿ ಮೇಲಿನ ಮಣ್ಣಿನ ಗೋಡೆಗೆ ಹಿಡಿಯುತ್ತದೆ.

ಎರಡನೆಯದು ಸಿಮೆಂಟು. ಗೋಡೆಯ ಗಾರೆ ಅಲ್ಲಲ್ಲಿ ಉದುರಿದ್ದನ್ನು ನೋಡಿ, ಕಟ್ಟಡ ನಿಧಿಯಿಂದ ದುಡ್ಡು ತೆಗೆದು ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ನಿರ್ಣಯಕ್ಕೆ ಅನುಮೋದಕರಾಗಿ ಸಹಿ ಹಾಕಿದವರು ನಾವೇ. ಮೊದಲ ವರ್ಷ ಮದುಮಗನ ಹಾಗೆ ಮಿನುಗಿತು. ಎರಡನೇ ವರ್ಷ ಗೋಡೆ ಉಬ್ಬಿತು. ಮೂರನೇ ವರ್ಷ ಪ್ಲಾಸ್ಟರು ಹಪ್ಪಳ ಹಪ್ಪಳವಾಗಿ ಎದ್ದು ಬಂತು, ಬರುವಾಗ ಒಳಗಿನ ಮಣ್ಣನ್ನೂ ಕಚ್ಚಿಕೊಂಡೇ ಬಂತು. ಬೆಳ್ಳಗೆ ಉಪ್ಪು ಬಿಟ್ಟ ಗೋಡೆಯನ್ನು ತಾವೂ ನೋಡಿದ್ದೀರಿ. ಮಾಗಡಿ ಕಡೆಯಿಂದ ಬಂದ ಗಾರೆ ಕೆಲಸದ ಅಜ್ಜನೊಬ್ಬ ಗೋಡೆಗೆ ಕೈಯಿಟ್ಟು ನೋಡಿ ಬೈದ: “ಮಣ್ಣುಗೋಡೆಗೆ ಸಿಮಿಟು ಬಳಿಯೋದು ಅಂದ್ರೆ ಎಳೆಗೂಸಿಗೆ ಪ್ಲಾಸ್ಟಿಕ್ ಚೀಲ ಸುತ್ತಿದಂಗೆ ಕಣ್ರಪ್ಪ. ಒಳಗೊಳಗೇ ಬೆವತು ಸಾಯ್ತದೆ.” ಸುಣ್ಣದ ಗಾರೆಯಾದರೆ ಗೋಡೆ ಹೀರಿದ ತೇವವನ್ನು ಬಿಸಿಲಿಗೆ ಹೊರಗೆ ಬಿಡುತ್ತದಂತೆ. ಸಿಮೆಂಟು ಬಿಡುವುದಿಲ್ಲ. ಎಸ್ಟಿಮೇಟ್ ಮಾಡಿದವರಿಗಾಗಲಿ ಸಹಿ ಹಾಕಿದ ನಮಗಾಗಲಿ ಇದು ತಿಳಿದಿರಲಿಲ್ಲ.

ಆ ಅಜ್ಜ ಹೇಳಿದ ಗಾರೆಯ ಲೆಕ್ಕವನ್ನು ಇಲ್ಲಿ ಸ್ವಲ್ಪ ಹೇಳುತ್ತೇವೆ. ಇನ್ನು ಮುಂದೆ ಕೇಳಿದರೂ ಹೇಳುವವರು ಸಿಗಲಾರರು. ಸುಟ್ಟ ಸುಣ್ಣವನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ಕೆಲವು ವಾರ ಹಾಗೇ ಕಳಿಯಲು ಬಿಡಬೇಕು. ಕಳಿತ ಸುಣ್ಣಕ್ಕೆ ಮರಳು ಸೇರಿಸಿ, ದುಂಡಗಿನ ಕಲ್ಲಿನ ಕಾಲುವೆಯಲ್ಲಿ ಎತ್ತು ಕಟ್ಟಿ ಕಲ್ಲಿನ ಚಕ್ರದಿಂದ ಅರೆಯಬೇಕು. ಬೆಲ್ಲದ ನೀರು, ಅಳಲೆಕಾಯಿ ನೆನೆಹಾಕಿದ ನೀರು ಬೆರೆಸಬೇಕು. ಬೆರಳಲ್ಲಿ ತೆಗೆದರೆ ಬೆಣ್ಣೆಯಂತೆ ಬರಬೇಕು. ತಾರಸಿಗೆ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಗಾರೆಯಲ್ಲಿ ಕಟ್ಟಿ, ಮೇಲೆ ಸುರಕಿ ಗಾರೆ ಹಾಕಿ ಹೆಣ್ಣಾಳುಗಳು ಸಾಲಾಗಿ ಕೂತು ದಿನಗಟ್ಟಲೆ ಕೊಡತಿಯಿಂದ ಬಡಿಯಬೇಕು. ಪದ ಹೇಳಿಕೊಂಡು ಬಡಿಯುತ್ತಿದ್ದರಂತೆ. ನಮ್ಮ ಚಾವಡಿಯ ತಾರಸಿ ಹಾಗೆ ಆದದ್ದು.

ಮೂರನೆಯದು ಅರಳಿ ಗಿಡ. ಪಕ್ಕದಲ್ಲೇ ಅರಳಿಮರ, ಹಣ್ಣು ತಿಂದ ಹಕ್ಕಿ ಎಲ್ಲೋ ಒಂದು ಬಿರುಕಿನಲ್ಲಿ ಬೀಜ ಹಾಕುತ್ತದೆ. ಗೇಣುದ್ದದ ಗಿಡ ಕಂಡಾಗ ಬೇರು ಸಮೇತ ಕೀಳಬೇಕು. ನಾವು ಪ್ರತಿ ವರ್ಷ ಮೇಲೆ ಮೇಲೆ ಕುಡುಗೋಲಿನಿಂದ ಸವರಿದೆವು. ದೇವರ ಮರ, ಬೇರು ಕೀಳಬಾರದು ಎಂದು ಕೆಲವರು ಅಂದರು. ಸವರಿದಷ್ಟೂ ಬೇರು ಒಳಗೆ ದಪ್ಪವಾಯಿತು. ಈಗ ಈಶಾನ್ಯದ ಮೂಲೆಯಲ್ಲಿ ತೋಳುಗಾತ್ರದ ಬೇರು ಗೋಡೆಯನ್ನು ಎರಡು ಭಾಗ ಮಾಡಿದೆ.

ಇನ್ನೊಂದು ಯಾರ ಲೆಕ್ಕಕ್ಕೂ ಬಾರದ್ದು, ರಸ್ತೆ. ನಾವು ಹುಡುಗರಾಗಿದ್ದಾಗ ಚಾವಡಿಯ ಜಗಲಿಗೆ ಮೂರು ಮೆಟ್ಟಿಲು ಹತ್ತಬೇಕಿತ್ತು. ರಸ್ತೆಗೆ ಜಲ್ಲಿ ಹಾಕಿದಾಗ ಒಂದು ಮೆಟ್ಟಿಲು ಮುಚ್ಚಿತು. ಡಾಂಬರಿನ ಮೇಲೆ ಡಾಂಬರು, ಆಮೇಲೆ ಕಾಂಕ್ರೀಟು. ಹಳೆಯದನ್ನು ಕೆತ್ತಿ ತೆಗೆದು ಹೊಸದು ಹಾಕುವ ಪದ್ಧತಿ ನಮ್ಮ ಕಡೆ ಇಲ್ಲವಲ್ಲ. ಈಗ ಜಗಲಿಗೆ ಒಂದು ಹೆಜ್ಜೆ ಇಳಿದು ಹೋಗಬೇಕು. ಮಳೆ ಬಂದರೆ ಬೀದಿಯ ನೀರೆಲ್ಲ ಚಾವಡಿಗೆ. ಸಂಘ ಹೊಸ ಕಟ್ಟಡಕ್ಕೆ ಹೋದ ಮೇಲಂತೂ ಆ ನೀರನ್ನು ಬಾಚಿ ಹಾಕುವವರೂ ಇಲ್ಲ.

ಇದು ನಮ್ಮೂರೊಂದರ ಕಥೆಯಲ್ಲ. ಕೆಂಗೇರಿಯಲ್ಲಿ 1866ರಷ್ಟು ಹಿಂದೆಯೇ ಡಿ ವೆಚ್ಚಿ ಎಂಬ ಇಟಲಿಯವರು ಹಬೆ ಯಂತ್ರದಿಂದ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಹಾಕಿದ್ದರು. ಅದು ಎಲ್ಲಿತ್ತು ಎಂದು ನಾವು ಕೇಳಿದ ಹತ್ತು ಜನರಲ್ಲಿ ಒಬ್ಬರೂ ಕೈ ಮಾಡಿ ತೋರಿಸಲಿಲ್ಲ. 1884ರಲ್ಲಿ ಶುರುವಾಗಿ ಬಿನ್ನಿ ಮಿಲ್ ಎಂದು ಹೆಸರಾದ ಮಿಲ್ಲಿಗೆ ನಮ್ಮ ಕಡೆಯಿಂದಲೂ ಜನ ಕೆಲಸಕ್ಕೆ ಹೋಗುತ್ತಿದ್ದರು. ಆ ಜಾಗದಲ್ಲಿ ಈಗ ಮುಗಿಲೆತ್ತರದ ಅಪಾರ್ಟ್‌ಮೆಂಟು. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಕಡೆ ಮಾಲ್ ಬಂತು. ರಾಜಾಜಿನಗರದಲ್ಲಿ ನಮ್ಮ ಸೋದರತ್ತೆಯ ಮನೆ ಇತ್ತು, ಹಿತ್ತಲಲ್ಲಿ ಸೀಬೆಮರ ಇದ್ದ ಹೆಂಚಿನ ಮನೆ. ಹೋದ ಸಲ ಹೋದಾಗ ಬೀದಿಯೇ ಗುರುತು ಹತ್ತಲಿಲ್ಲ. ಕೆಂಪೇಗೌಡ ರಸ್ತೆಯ ಜನತಾ ಬಜಾರ್ ಕಟ್ಟಡ ತಮಗೆ ನೆನಪಿರಬೇಕು, ದೀಪಾವಳಿಗೆ ಬಟ್ಟೆ ತರಲು ಹೋಗುತ್ತಿದ್ದೆವು. ಅದೂ ನಮ್ಮ ಸಹಕಾರಿಗಳದೇ ಅಂಗಡಿ. 1930ರ ದಶಕದ ಆ ಏಷ್ಯಾಟಿಕ್ ಕಟ್ಟಡವನ್ನು ಕೆಡವುವ ಮಾತು ಬಂದಾಗ ಬೇಡವೆಂದು ಕೂಗೆದ್ದಿತು. 1868ರಲ್ಲಿ ಕಟ್ಟಿದ ಅಠಾರಾ ಕಚೇರಿ, ಅಂದರೆ ನಮ್ಮ ಹೈಕೋರ್ಟು, ಅದನ್ನೇ ಕೆಡವಬೇಕೆಂದು 1980ರ ದಶಕದಲ್ಲಿ ಹೊರಟಿದ್ದರು ಎಂದರೆ ಇಂದು ಯಾರಾದರೂ ನಂಬುತ್ತಾರೆಯೆ? ಜನ ಕೋರ್ಟಿಗೆ ಹೋಗಿ ಉಳಿಸಿಕೊಂಡರು. ಹೈಕೋರ್ಟಿಗೇ ಆ ಗತಿ ಬಂದಿತ್ತೆಂದ ಮೇಲೆ ಹಳ್ಳಿ ಚಾವಡಿಯನ್ನು ಕೇಳುವವರು ಯಾರು.

ಎಲ್ಲ ಹಳೆಯದನ್ನೂ ಉಳಿಸಬೇಕು ಎಂದು ವಾದಿಸುವ ಯೋಗ್ಯತೆ ನಮಗಿಲ್ಲ. ನಮ್ಮ ತೊಟ್ಟಿಮನೆಯನ್ನು ಕೆಡವಿದವರು ನಾವೇ. ಅಣ್ಣತಮ್ಮಂದಿರ ಪಾಲು ಆಯಿತು. ತೊಟ್ಟಿಯ ಮಧ್ಯೆ ಗೋಡೆ ಎಬ್ಬಿಸಿದರೆ ಯಾರಿಗೂ ಗಾಳಿಯಿಲ್ಲ ಬೆಳಕಿಲ್ಲ, ಹಾಗಾಗಿ ಕೆಡವಿ ಮೂರು ಮನೆ ಕಟ್ಟಿಕೊಂಡೆವು. ಕೆತ್ತನೆಯ ಕಂಬ, ಬೋದಿಗೆ, ತಲೆಬಾಗಿಲು ಎಲ್ಲವನ್ನೂ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಲಾರಿಗೆ ತುಂಬಿಕೊಂಡು ಹೋದ. ಕೊಟ್ಟ ದುಡ್ಡು ಹೊಸ ಮನೆಯ ಕಿಟಕಿಯ ಗ್ರಿಲ್ಲಿಗೂ ಸಾಲಲಿಲ್ಲ. ಕೆಲವು ವರ್ಷದ ಮೇಲೆ ಮೈಸೂರು ರಸ್ತೆಯ ಒಂದು ದೊಡ್ಡ ಹೋಟೆಲಿಗೆ ನೆಂಟರ ಜೊತೆ ಹೋದಾಗ ಒಳಗಡೆ ಒಂದು ಬಾಗಿಲನ್ನು ಗೋಡೆಗೆ ಅಲಂಕಾರಕ್ಕೆ ನಿಲ್ಲಿಸಿದ್ದರು. ಎಡಗಡೆ ಕೆಳಗೆ ನಮ್ಮ ತಂಗಿ ಚಿಕ್ಕವಳಿದ್ದಾಗ ಕಾಯಿಸಿದ ಕಬ್ಬಿಣದಿಂದ ಸುಟ್ಟ ಗುರುತು ಹಾಗೇ ಇತ್ತು. ಕೈಯಲ್ಲಿ ಹಿಡಿದ ಕಾಫಿ ಆರಿಹೋಯಿತು. ನಮ್ಮ ಅವ್ವ ಹೊಸ ಮನೆಯಲ್ಲಿ ಇರುವವರೆಗೂ ಅಕ್ಕಿ ಆರಿಸಲು ಬೆಳಕು ಸಾಲದೆಂದು ಮೊರ ಹಿಡಿದುಕೊಂಡು ಬೀದಿಯ ಪಕ್ಕ ಬಂದು ಕೂರುತ್ತಿದ್ದಳು. ಒಂದು ದಿನವೂ ಬಾಯಿ ಬಿಟ್ಟು ಏನೂ ಅನ್ನಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಸುತ್ತಮುತ್ತ ಏನಾಗುತ್ತಿದೆ ತಮಗೆ ಗೊತ್ತು. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ಹನ್ನೆರಡು ಹಳ್ಳಿಯ ಸುಮಾರು ನಾಲ್ಕು ಸಾವಿರ ಎಕರೆ ಕೆಂಪೇಗೌಡ ಬಡಾವಣೆಗೆ ಹೋಯಿತು. 2007ರಲ್ಲಿ ಕೆಂಗೇರಿ ಪುರಸಭೆ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. 2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಗೆ ಬಂತು, 2023ರಲ್ಲಿ ಚಲ್ಲಘಟ್ಟದವರೆಗೂ ಹೋಯಿತು. ಮೇಯಿಸಲು ಬೀಳು ಇಲ್ಲ, ಹುಲ್ಲಿಗೆ ಜಮೀನಿಲ್ಲ. ವೃಷಭಾವತಿಯ ನೀರನ್ನು ದನ ಮೂಸಿಯೂ ನೋಡುವುದಿಲ್ಲ. ನಾಲ್ಕು ಹಸು ಕಟ್ಟುತ್ತಿದ್ದ ಮನೆಯಲ್ಲಿ ಈಗ ಒಂದು, ಹಲವು ಮನೆಗಳಲ್ಲಿ ಅದೂ ಇಲ್ಲ. ಸಂಘಕ್ಕೆ ಬರುವ ಹಾಲು ಇಳಿಮುಖವಾಗಿದೆ ಎಂದು ವರದಿಯಲ್ಲೇ ಕೇಳಿದಿರಿ. ಇಂಥ ಹೊತ್ತಿನಲ್ಲಿ ಚಾವಡಿ ಕೆಡವಿ ಆರು ಅಂಗಡಿ ಮಳಿಗೆ ಕಟ್ಟಿದರೆ ಬಾಡಿಗೆ ಬರುತ್ತದೆ, ಸಂಘ ಉಳಿಯುತ್ತದೆ ಎಂದು ನಮ್ಮ ಕೆಲವು ನಿರ್ದೇಶಕರು ಹೇಳುತ್ತಿದ್ದಾರೆ. ಅವರು ಸಂಘದ ಹಿತಕ್ಕೇ ಹೇಳುತ್ತಿರುವುದು, ಅದರಲ್ಲಿ ಎರಡು ಮಾತಿಲ್ಲ. ಅವರ ಮಾತಿಗೆ ಉತ್ತರ ಕೊಡಬೇಕಾದದ್ದು ಲೆಕ್ಕದಿಂದ, ಕಣ್ಣೀರಿನಿಂದ ಅಲ್ಲ.

ನಮ್ಮ ಲೆಕ್ಕ ಇಷ್ಟು. ಮೊದಲನೆಯದಾಗಿ ಆ ಜಾಗ ಸಂಘದ್ದಲ್ಲ, ಸರ್ಕಾರಿ ಚಾವಡಿಯ ಜಾಗ. ಕೆಡವಿದ ಮಾರನೆ ದಿನ ಖಾಲಿ ನಿವೇಶನವಾಗುತ್ತದೆ. ಖಾಲಿ ನಿವೇಶನದ ಮೇಲೆ ಎಷ್ಟು ಜನರ ಕಣ್ಣು ಬೀಳುತ್ತದೆ ಎಂಬುದನ್ನು ಈ ಸೀಮೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಮಳಿಗೆಯ ಆಸೆಗೆ ಕೆಡವಿ, ಮಳಿಗೆಯೂ ಇಲ್ಲ ಚಾವಡಿಯೂ ಇಲ್ಲ ಎಂಬಂತಾದರೆ ಏನು ಮಾಡೋಣ. ಎರಡನೆಯದಾಗಿ, ಚಾವಡಿಯ ಕಲ್ಲುಕಂಬ, ತಳಪಾಯ, ಮುಕ್ಕಾಲು ಪಾಲು ತಾರಸಿ ಗಟ್ಟಿಯಾಗಿವೆ. ಕೆಟ್ಟಿರುವುದು ಹಿಂದಿನ ಗೋಡೆ, ಈಶಾನ್ಯದ ಮೂಲೆ, ಎಡಗಡೆಯ ಒಂದು ತೊಲೆ, ಜಗಲಿಯ ರೀಪರು. ಸಿಮೆಂಟು ಕೆತ್ತಿ ತೆಗೆದು, ಸುತ್ತ ಚರಂಡಿ ಮಾಡಿ, ಬೇರು ಕಿತ್ತು, ತೊಲೆ ಬದಲಿಸಿ ಗಾರೆ ಮಾಡಿದರೆ ಇನ್ನೊಂದು ತಲೆಮಾರು ನಿಲ್ಲುತ್ತದೆ ಎಂದು ಆ ಅಜ್ಜ ಹೇಳಿದ್ದಾನೆ. ಮಳಿಗೆ ಕಟ್ಟುವ ಖರ್ಚಿನ ಕಾಲು ಭಾಗವೂ ಆಗುವುದಿಲ್ಲ. ಅವನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಈ ಬೇಸಿಗೆ ಬಿಟ್ಟರೆ ಬರುವುದಿಲ್ಲ ಎಂದು ನೇರವಾಗಿ ಹೇಳಿಬಿಟ್ಟಿದ್ದಾನೆ.

ರಿಪೇರಿ ಮಾಡಿ ಮತ್ತೆ ಬೀಗ ಹಾಕುವುದಾದರೆ ಮಾತ್ರ ನಾವು ಒಪ್ಪುವುದಿಲ್ಲ. ಹಾಗೆ ಮಾಡುವುದಕ್ಕಿಂತ ಕೆಡವುವುದೇ ವಾಸಿ. ಪಶು ಆಹಾರದ ಮೂಟೆ ಮಾರುವ ಮಳಿಗೆ ಅಲ್ಲಿಗೆ ಬರಲಿ. ವಾರಕ್ಕೊಮ್ಮೆ ಪಶುವೈದ್ಯರು ಕೂರಲಿ. ಬಟವಾಡೆಯ ದಿನ ಹೆಂಗಸರು ಬಿಸಿಲಲ್ಲಿ ನಿಲ್ಲುತ್ತಾರಲ್ಲ, ಅದು ಜಗಲಿಯ ಮೇಲೆ ಆಗಲಿ. ದೊಡ್ಡ ಆಲದ ಮರವನ್ನು ನೋಡಿದ್ದೀರಿ, ಇಲ್ಲೇ ಪಕ್ಕದಲ್ಲಿದೆ. ಅದರ ತಾಯಿಕಾಂಡ ರೋಗ ಬಂದು ಹೋಗಿ ಎಷ್ಟೋ ಕಾಲವಾಯಿತು, 2024ರ ಜೂನ್ ಮಳೆಗೆ ಇನ್ನೊಂದಿಷ್ಟು ಬಿತ್ತು. ಆದರೂ ಬಿಳಲುಗಳು ನೆಲ ಹಿಡಿದು ನಿಂತಿವೆ, ಭಾನುವಾರ ಜನ ಬರುತ್ತಲೇ ಇದ್ದಾರೆ.

ದುಡ್ಡಿನ ಬಗ್ಗೆ ಕೊನೆಯ ಮಾತು. ಸಿಮೆಂಟು ಹಾಕಿಸುವ ನಿರ್ಣಯಕ್ಕೆ ಸಹಿ ಹಾಕಿದ ನಾವು, ಆಗಿನ ನಿರ್ದೇಶಕರಲ್ಲಿ ಉಳಿದಿರುವ ಇನ್ನು ಮೂರು ಜನರ ಜೊತೆ ಮಾತಾಡಿಕೊಂಡಿದ್ದೇವೆ. ಹಾಕಿದ್ದನ್ನು ಕೆತ್ತಿ ತೆಗೆಯುವ ಕೂಲಿಯನ್ನು ನಾವು ನಾಲ್ವರೇ ಭರಿಸುತ್ತೇವೆ, ಸಂಘದ ಲೆಕ್ಕಕ್ಕೆ ಬರುವುದು ಬೇಡ. ಉಳಿದದ್ದಕ್ಕೆ ಕಟ್ಟಡ ನಿಧಿಯಿಂದ ಕೊಡಬೇಕೋ ಬೇಡವೋ ಎಂಬುದನ್ನು ತಾವೆಲ್ಲ ಸರ್ವ ಸದಸ್ಯರ ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸಿ. ಸರ್ಕಾರದ ಒಪ್ಪಿಗೆಗೆ ಅರ್ಜಿಯ ಕರಡು ಬರೆದಿಟ್ಟಿದ್ದೇವೆ.

ಅದಕ್ಕೆ ಮುಂಚೆ ಒಂದು ಸಲ ಒಳಗೆ ಹೋಗಿ ನೋಡಿ ಎಂದು ಕೋರುತ್ತೇವೆ. ಬೀಗದ ಕೈ ಕಾರ್ಯದರ್ಶಿಗಳ ಮೇಜಿನ ಡ್ರಾಯರಿನಲ್ಲಿದೆ, ಹಾಲು ಹಾಕಲು ಬಂದಾಗ ಕೇಳಿದರೆ ಕೊಡುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಬಲಗಡೆ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿ, ಒಂದನೇ ಕ್ಲಾಸಿನವರು ಬಳಪದಿಂದ ಕೆರೆದ ಹೆಸರುಗಳು ಗಾರೆ ಉಳಿದ ಕಡೆ ಈಗಲೂ ಕಾಣುತ್ತವೆ. ಎಡಗಡೆಯ ತೊಲೆಯ ಕೆಳಗೆ ಮಾತ್ರ ಯಾರೂ ನಿಲ್ಲಬೇಡಿ.